ಟೋಕಿಯೊ ಎಷ್ಟು ದೂರ? ಹೋಗೋಕೆ ಎಂಟು ಗಂಟೆ, ಬರೋಕೆ ಹತ್ತು

ನನ್ನ ಮಗ ಕೆಲಸಕ್ಕೆ ಅಂತ ಟೋಕಿಯೊಗೆ ಹೋಗಿ ಮೂರು ವರ್ಷ ಆಯಿತು. ಅವನು ಹೋದ ದಿನದಿಂದ ನಮ್ಮವ್ವ ಕೇಳುತ್ತಿರುವುದು ಒಂದೇ ಪ್ರಶ್ನೆ. "ಅದೆಷ್ಟು ದೂರ ಆಯ್ತದೆ ಕನವ್ವ?" ಮೊದಮೊದಲು ನಾನು "ತುಂಬಾ ದೂರ ಅವ್ವ, ಸಮುದ್ರ ದಾಟಬೇಕು" ಅಂತ ಹೇಳಿ ಮಾತು ಮುಗಿಸುತ್ತಿದ್ದೆ. ಒಂದು ದಿನ ಮಾತ್ರ ಸರಿಯಾಗಿ ನೋಡಿಕೊಂಡು, ಆರು ಸಾವಿರದ ಏಳುನೂರು ಕಿಲೋಮೀಟರ್ ಅಂದೆ. ಅವ್ವ ಎಲೆಗೆ ಸುಣ್ಣ ಹಚ್ಚುತ್ತಿದ್ದವಳು ಕೈ ನಿಲ್ಲಿಸಿದಳು. "ಅಂಗಂದ್ರೆ ಮದ್ದೂರಿಂದ ಮೈಸೂರ್ಗೆ ಎಷ್ಟು ಸಲ ಬಂದಂಗೆ?"

ನಮ್ಮೂರು ಮದ್ದೂರಿನ ಹತ್ತಿರ. ನಾನು ಮದುವೆಯಾಗಿ ಮೈಸೂರಿಗೆ ಬಂದವಳು, ಅವ್ವ ಈಗ ನನ್ನ ಜೊತೆ ಕುವೆಂಪುನಗರದಲ್ಲಿದ್ದಾಳೆ. ಅವಳಿಗೆ ದೂರ ಅಂದರೆ ಮದ್ದೂರು-ಮೈಸೂರು ದಾರಿ. ಆಸ್ಪತ್ರೆಗೆ, ದಸರಾಗೆ, ನನ್ನ ಬಾಣಂತನಕ್ಕೆ ಅಂತ ಬಸ್ಸಿನಲ್ಲಿ ಎಷ್ಟು ಸಲ ಬಂದಿದ್ದಾಳೋ ಲೆಕ್ಕವಿಲ್ಲ. ಆ ದಾರಿ ಸುಮಾರು 65 ಕಿಲೋಮೀಟರ್. ಮೊಬೈಲಿನಲ್ಲಿ ಭಾಗಿಸಿ ನೋಡಿದೆ, ನೂರಾ ಮೂರು ಬಂತು. ಹೇಳಿದೆ. ಅವ್ವ ಬೆರಳು ಮಡಿಸಿ ಎಣಿಸಿದಳು. ದಿನಕ್ಕೊಂದು ಸಲ ಹೋದರೂ ಮೂರು ತಿಂಗಳ ಮೇಲಾಯಿತಲ್ಲ ಅಂದಳು. ಆಮೇಲೆ, "ಅಷ್ಟು ದೂರಕ್ಕೆ ಅವ್ನು ಒಂದೇ ರಾತ್ರೀಲಿ ಎಂಗೋದ?"

ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕು ಅನ್ನಿಸಿತು. ಅವಳನ್ನು ಸಮಾಧಾನ ಮಾಡುವ ಉತ್ತರ ಅಲ್ಲ, ನಿಜವಾದ ಉತ್ತರ. ಎರಡು ಸಲ ನಾನೂ ಹೋಗಿ ಬಂದ ಮೇಲೆ ಸುಮಾರಾಗಿ ಅರ್ಥ ಆಗಿದೆ. ಮಕ್ಕಳು ದೂರದ ಊರಲ್ಲಿ ಇರುವವರು ನಮ್ಮ ಕಡೆ ಈಗ ಮನೆಗೊಬ್ಬರು ಇದ್ದಾರೆ, ಅವರಿಗೂ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಮೊದಲು ದೂರ. ಮಗ ನಾಲ್ಕನೇ ಕ್ಲಾಸಿನಲ್ಲಿ ಇದ್ದಾಗ ದಸರಾ ವಸ್ತು ಪ್ರದರ್ಶನದಲ್ಲಿ ಹಟ ಹಿಡಿದು ಕೊಡಿಸಿಕೊಂಡ ಒಂದು ಗ್ಲೋಬ್ ನಮ್ಮ ಅಟ್ಟದ ಮೇಲಿತ್ತು. ಇಳಿಸಿ ಧೂಳು ಒರೆಸಿದೆ. ಅಳೆಯೋಕೆ ದಾರ ಬೇಕಿತ್ತು. ಅವ್ವ ತನ್ನ ಟ್ರಂಕಿನಿಂದ ಒಂದು ಸಣ್ಣ ಲಡಿ ರೇಷ್ಮೆ ನೂಲು ತೆಗೆದುಕೊಟ್ಟಳು, ಅಪ್ಪ ಇದ್ದಾಗ ನಮ್ಮ ಮನೆ ಗೂಡಿಂದಲೇ ತೆಗೆಸಿದ್ದು. ಬಿಳೀ ನೂಲು. ಅದು ಗ್ಲೋಬಿನ ಮೇಲೆ ನಿಲ್ಲಲೇ ಇಲ್ಲ, ಜಾರಿಕೊಂಡು ಹೋಗೋದು. ಕೊನೆಗೆ ಹಣೆಗೆ ಇಟ್ಟುಕೊಳ್ಳುವ ಸ್ಟಿಕ್ಕರ್ ಎರಡು ತಗೊಂಡು, ಒಂದನ್ನು ಬೆಂಗಳೂರಿನ ಮೇಲೆ ನೂಲಿನ ತುದಿ ಸೇರಿಸಿ ಅಂಟಿಸಿದೆ. ನೂಲನ್ನು ಬಿಗಿಯಾಗಿ ಎಳೆದು ಇನ್ನೊಂದನ್ನು ಟೋಕಿಯೊ ಮೇಲೆ ಒತ್ತಿದೆ.

ಅಲ್ಲಿ ಒಂದು ವಿಚಿತ್ರ ಕಂಡಿತು. ಗೋಡೆ ಮೇಲೆ ನೇತುಹಾಕುವ ಚಪ್ಪಟೆ ನಕ್ಷೆ ಇದೆಯಲ್ಲ, ಅದರಲ್ಲಿ ಬೆಂಗಳೂರಿಂದ ಟೋಕಿಯೊಗೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಅದು ಚೀನಾದ ದಕ್ಷಿಣದ ತುದಿಯ ಹತ್ತಿರ ಹಾದು ಹೋಗುತ್ತೆ. ಗ್ಲೋಬಿನ ಮೇಲೆ ಬಿಗಿಯಾಗಿ ಎಳೆದ ನೂಲು ಹಾಗೆ ಹೋಗಲಿಲ್ಲ. ಆಂಧ್ರದ ಕರಾವಳಿ ದಾಟಿ, ಬಂಗಾಳ ಕೊಲ್ಲಿ ದಾಟಿ, ಬಾಂಗ್ಲಾದೇಶ ಮತ್ತು ಮ್ಯಾನ್ಮಾರ್ ಸೇರುವ ಕಡೆ ನೆಲ ಹತ್ತಿ, ಚೀನಾದ ಕುನ್‌ಮಿಂಗ್ ಪಕ್ಕದಲ್ಲಿ ಹಾದು, ಚೀನಾದ ನಡುಭಾಗಕ್ಕೇ ಏರಿ, ಶಾಂಘೈಗಿಂತ ಸ್ವಲ್ಪ ಮೇಲೆ ಮತ್ತೆ ಸಮುದ್ರಕ್ಕೆ ಬಿದ್ದು, ಕೊರಿಯಾದ ಕೆಳಗಿನ ತುದಿ ಸವರಿಕೊಂಡು ಜಪಾನ್ ಸೇರಿತು. ನಕ್ಷೆಯ ಗೆರೆಗಿಂತ ನೂಲು ಮಧ್ಯದಲ್ಲಿ ಹೆಚ್ಚುಕಡಿಮೆ 500 ಕಿಲೋಮೀಟರ್ ಉತ್ತರಕ್ಕೆ ಇದೆ. ಆದರೂ ಅದೇ ಹತ್ತಿರದ ದಾರಿ. ಭೂಮಿ ಗುಂಡಗಿರುವುದರಿಂದ ಹೀಗೆ. ನಕ್ಷೆ ಮಾಡುವಾಗ ಆ ಗುಂಡನ್ನು ಕಿತ್ತಳೆ ಸಿಪ್ಪೆ ಥರ ಬಿಡಿಸಿ ಚಪ್ಪಟೆ ಮಾಡಿರುತ್ತಾರೆ, ಅದಕ್ಕೆ ನಕ್ಷೆಯಲ್ಲಿ ನೇರ ಕಂಡಿದ್ದು ನೆಲದ ಮೇಲೆ ನೇರ ಅಲ್ಲ. ಇದನ್ನು ಓದಿ ಗೊತ್ತಿತ್ತು, ಆದರೆ ಕೈಯಲ್ಲಿ ನೂಲು ಹಿಡಿದು ಎಳೆದಾಗ ಅದು ತಾನಾಗಿ ಮೇಲಕ್ಕೆ ಸರಿದು ತನ್ನ ಜಾಗ ಹುಡುಕಿಕೊಂಡಿದ್ದನ್ನು ನೋಡಿದಾಗಲೇ ನಂಬಿಕೆ ಬಂದಿದ್ದು.

ನೂಲು ಬಿಚ್ಚಿ ಸ್ಕೇಲಿಗೆ ಹಿಡಿದೆ. 16 ಸೆಂಟಿಮೀಟರ್. ಅದೇ ನೂಲನ್ನು ಸಮಭಾಜಕ ವೃತ್ತದ ಸುತ್ತ ಸುತ್ತಿ ಅಳೆದರೆ 96 ಸೆಂಟಿಮೀಟರ್. ಭೂಮಿಯ ಸುತ್ತಳತೆ 40,075 ಕಿಲೋಮೀಟರ್. ಅಂದರೆ ನಮ್ಮ ಗ್ಲೋಬಿನಲ್ಲಿ ಒಂದು ಸೆಂಟಿಮೀಟರ್‌ಗೆ ಸುಮಾರು 417 ಕಿಲೋಮೀಟರ್, ಹದಿನಾರಕ್ಕೆ 6,672. ವಿಮಾನ ನಿಲ್ದಾಣದಿಂದ ವಿಮಾನ ನಿಲ್ದಾಣಕ್ಕೆ ಸರಿಯಾದ ಲೆಕ್ಕ ಸುಮಾರು 6,700. ಸ್ಟಿಕ್ಕರ್ ಮತ್ತು ರೇಷ್ಮೆ ನೂಲಿನಲ್ಲಿ ಅಷ್ಟು ಹತ್ತಿರ ಬಂದಿದ್ದು ನನಗೆ ತುಂಬಾ ಖುಷಿ ಕೊಟ್ಟಿತು. ಮನೆಯಲ್ಲಿ ಮಕ್ಕಳಿದ್ದರೆ ಒಂದು ಸಲ ಮಾಡಿಸಿ ನೋಡಿ.

ಇನ್ನು ಸಮಯ. ಇಲ್ಲಿ ನಾನು ಮೊದಲು ಪೂರ್ತಿ ತಪ್ಪು ತಿಳಿದುಕೊಂಡಿದ್ದೆ, ನನ್ನ ಹಾಗೆ ಇನ್ನೂ ಎಷ್ಟೋ ಜನ ತಿಳಿದುಕೊಂಡಿರುತ್ತಾರೆ. ಟಿಕೆಟ್ಟಿನಲ್ಲಿ ಹೊರಡುವ ಸಮಯ, ತಲುಪುವ ಸಮಯ ಹಾಕಿರುತ್ತಾರೆ. ಬೆಂಗಳೂರನ್ನು ಬೆಳಗಿನ ಜಾವ 3ಕ್ಕೆ ಬಿಟ್ಟು ಟೋಕಿಯೊವನ್ನು ಮಧ್ಯಾಹ್ನ 2:30ಕ್ಕೆ ಸೇರಿದಿರಿ ಅಂತ ಇಟ್ಟುಕೊಳ್ಳಿ. ಕಳೆದರೆ ಹನ್ನೊಂದೂವರೆ ಗಂಟೆ. ಬರುವಾಗ ಅಲ್ಲಿ ಸಂಜೆ 6ಕ್ಕೆ ಬಿಟ್ಟು ಇಲ್ಲಿ ರಾತ್ರಿ 12:30ಕ್ಕೆ ಇಳಿದರೆ ಆರೂವರೆ ಗಂಟೆ. ನೋಡಿದವರು ಏನಂದುಕೊಳ್ಳುತ್ತಾರೆ? ಹೋಗೋದೇ ಕಷ್ಟ, ಬರೋದು ಬೇಗ ಅಂತ ಅಲ್ವಾ? ನಾನೂ ಹಾಗೇ ಅಂದುಕೊಂಡು ನಮ್ಮ ಮನೆಯವರಿಗೆ ಬರುವಾಗ ಆರಾಮ ಅಂತ ಹೇಳಿದ್ದೆ.

ನಿಜ ಇದಕ್ಕೆ ಪೂರ್ತಿ ಉಲ್ಟಾ. ಟಿಕೆಟ್ಟಿನಲ್ಲಿ ಇರುವುದು ಆಯಾ ಊರಿನ ಗಡಿಯಾರದ ಸಮಯ. ನಮ್ಮ ದೇಶದ ಗಡಿಯಾರ ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದು ಹೋಗುವ 82.5 ಡಿಗ್ರಿ ರೇಖೆಯನ್ನು ಹಿಡಿದು ನಡೆಯುತ್ತೆ. ಜಪಾನಿನದು 135 ಡಿಗ್ರಿ ರೇಖೆ, ಅದು ಆಕಾಶಿ ಅನ್ನುವ ಊರಿನ ಮೇಲೆ ಹಾಯುತ್ತೆ. ಎರಡರ ನಡುವೆ 52.5 ಡಿಗ್ರಿ. ಭೂಮಿ ಒಂದು ಡಿಗ್ರಿ ತಿರುಗೋಕೆ ನಾಲ್ಕು ನಿಮಿಷ ತಗೊಳ್ಳುತ್ತೆ. ಹಾಗಾಗಿ 210 ನಿಮಿಷ, ಅಂದರೆ ಮೂರೂವರೆ ಗಂಟೆ ಅವರು ನಮಗಿಂತ ಮುಂದೆ. ನಾವು ಬೆಳಗ್ಗೆ ಎಂಟಕ್ಕೆ ಇಡ್ಲಿ ತಿನ್ನುವಾಗ ಅವನಿಗೆ ಹನ್ನೊಂದೂವರೆ.

ಅಂದರೆ ಹೋಗುವಾಗಿನ ಹನ್ನೊಂದೂವರೆಯಲ್ಲಿ ಮೂರೂವರೆ ಕಳೆಯಬೇಕು, ಎಂಟು ಗಂಟೆ. ಬರುವಾಗಿನ ಆರೂವರೆಗೆ ಮೂರೂವರೆ ಕೂಡಿಸಬೇಕು, ಹತ್ತು ಗಂಟೆ. ಹೋಗೋಕೆ ಎಂಟು, ಬರೋಕೆ ಹತ್ತು. ಅದೇ ವಿಮಾನ, ಅದೇ ಎರಡು ಊರು, ಅದೇ 6,700 ಕಿಲೋಮೀಟರ್. ಎರಡು ಗಂಟೆ ಎಲ್ಲಿ ಹೋಯಿತು?

ಇದು ನನ್ನನ್ನು ತುಂಬಾ ದಿನ ಕಾಡಿದೆ. ಮೊದಲ ಸಲ, 2023ರ ಏಪ್ರಿಲ್‌ನಲ್ಲಿ, ನಾವು ಹೋಗಿದ್ದು ಸಿಂಗಪುರದ ಮೇಲೆ, ಟಿಕೆಟ್ ಸ್ವಲ್ಪ ಕಡಿಮೆ ಇತ್ತು ಅಂತ. ಆಗ ಇದು ಗೊತ್ತಾಗಲೇ ಇಲ್ಲ, ಯಾಕೆಂದರೆ ನಡುವೆ ಇಳಿದು, ಕಾದು, ಮತ್ತೆ ಹತ್ತಿ ಎಲ್ಲಾ ಕಲಸಿಹೋಗಿತ್ತು. ಕಾಯೋದೇ ಆರು ಗಂಟೆ ಆಯಿತು. ಅಲ್ಲದೆ ಸಿಂಗಪುರ ದಾರಿಯಲ್ಲಿ ಸಿಗುವ ಊರೇ ಅಲ್ಲ. ಬೆಂಗಳೂರಿಂದ ಸಿಂಗಪುರಕ್ಕೆ 3,180 ಕಿಲೋಮೀಟರ್, ಅಲ್ಲಿಂದ ಟೋಕಿಯೊಗೆ 5,350, ಒಟ್ಟು ಎಂಟೂವರೆ ಸಾವಿರ. ಮದ್ದೂರಿಗೆ ಹೋಗುವವರು ಟಿ. ನರಸೀಪುರದ ಮೇಲೆ ಹೋದ ಹಾಗೆ. ಹಾಂಗ್‌ಕಾಂಗ್ ಮೇಲೆ ಹೋದರೆ ಒಟ್ಟು 6,900, ಬರೀ 200 ಕಿಲೋಮೀಟರ್ ಸುತ್ತು. ನಡುವೆ ಇಳಿದು ಹೋಗಲೇಬೇಕು ಅನ್ನುವವರು ದುಡ್ಡಿನ ಜೊತೆ ಇದನ್ನೂ ನೋಡಿ, ವಯಸ್ಸಾದವರು ಇದ್ದರೆ ಮುಖ್ಯವಾಗಿ ನೋಡಿ.

ಎರಡನೇ ಸಲ, 2024ರ ನವೆಂಬರ್‌ನಲ್ಲಿ, ನೇರ ವಿಮಾನ. ಮುಂದಿನ ಸೀಟಿನ ಹಿಂಭಾಗದಲ್ಲಿ ಒಂದು ಪರದೆ ಇರುತ್ತಲ್ಲ, ಅದರಲ್ಲಿ ಎಲ್ಲರೂ ಸಿನಿಮಾ ನೋಡುತ್ತಿದ್ದರೆ ನಾನು ನಕ್ಷೆ ಹಾಕಿಕೊಂಡು ಕೂತಿದ್ದೆ. ಪುಟ್ಟ ಬಿಳಿ ವಿಮಾನ, ಹಿಂದೆ ಒಂದು ಗೆರೆ. ಕೆಳಗೆ ಎತ್ತರ, ಹೊರಗಿನ ಚಳಿ, ವೇಗ. ಬಂಗಾಳ ಕೊಲ್ಲಿಯ ಮೇಲೆ ಗಂಟೆಗೆ 900ರ ಆಸುಪಾಸು ಇದ್ದ ವೇಗ ಚೀನಾ ದಾಟುವ ಹೊತ್ತಿಗೆ ಸಾವಿರ ದಾಟಿತು. ಜಪಾನ್ ಹತ್ತಿರ ಬಂದಾಗ 1,080. ನಾನು ಪಕ್ಕದಲ್ಲಿ ನಿದ್ದೆ ಮಾಡುತ್ತಿದ್ದ ನಮ್ಮ ಮನೆಯವರನ್ನು ಎಬ್ಬಿಸಿ ತೋರಿಸಿದೆ. ಮೂರು ವಾರ ಕಳೆದು ವಾಪಸ್ ಬರುವಾಗ ಅದೇ ಜಾಗದಲ್ಲಿ 740. ಎಂಜಿನ್ ಶಬ್ದ ಒಂದೇ ಥರ, ಒಳಗೆ ಕೂತವರಿಗೆ ಏನೂ ವ್ಯತ್ಯಾಸ ಇಲ್ಲ, ಆದರೆ ಗಂಟೆಗೆ ಮುನ್ನೂರ ನಲವತ್ತು ಕಿಲೋಮೀಟರ್ ಕಡಿಮೆ!

ಇದನ್ನು ನಮ್ಮ ಮಂಡ್ಯದವರಿಗೆ ವಿವರಿಸೋದು ಸುಲಭ. ವಿ.ಸಿ. ನಾಲೆಯಲ್ಲಿ ಈಜಿದವರಿಗೆಲ್ಲಾ ಗೊತ್ತು. ನೀರು ಬಿಟ್ಟಾಗ ನಾಲೆಗೆ ಬಿದ್ದರೆ ಹರಿವಿನ ಜೊತೆ ಸೇತುವೆಯಿಂದ ಸೇತುವೆಗೆ ನಿಮಿಷದಲ್ಲಿ ತಲುಪುತ್ತೀರಿ. ವಾಪಸ್ ಎದುರು ಈಜಿ ನೋಡಿ. ಕೈಕಾಲು ಅಷ್ಟೇ ಬಡಿದರೂ ದಡದ ಮರ ಅಲ್ಲೇ ಇರುತ್ತೆ. ನನ್ನ ಅಣ್ಣಂದಿರು ಹೋಗುವಾಗ ಈಜಿಕೊಂಡು ಹೋಗಿ ಬರುವಾಗ ಏರಿ ಮೇಲೆ ನಡೆದುಕೊಂಡು ಬರುತ್ತಿದ್ದರು. ವಿಮಾನವೂ ಹಾಗೇ ಗಾಳಿಯಲ್ಲಿ ಈಜುತ್ತೆ. ಅದರ ವೇಗ ಗಾಳಿಗೆ ಹೋಲಿಸಿದರೆ ಯಾವಾಗಲೂ ಗಂಟೆಗೆ 900 ಕಿಲೋಮೀಟರ್ ಹತ್ತಿರ. ಗಾಳಿಯೇ ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತಿದ್ದರೆ ಹೋಗುವಾಗ ಅದು ಸೇರಿಕೊಳ್ಳುತ್ತೆ, ಬರುವಾಗ ಕಳೆದುಕೊಳ್ಳುತ್ತೆ. ವಿಮಾನಕ್ಕೆ ಇಳಿದು ಏರಿ ಮೇಲೆ ನಡೆದುಕೊಂಡು ಬರೋ ದಾರಿ ಇಲ್ಲ, ಅಷ್ಟೇ.

ಆ ಹರಿವಿಗೆ ಜೆಟ್ ಸ್ಟ್ರೀಮ್ ಅಂತ ಹೆಸರು. ಒಂಬತ್ತರಿಂದ ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ, ವಿಮಾನಗಳು ಹಾರುವ ಎತ್ತರದಲ್ಲೇ, ಕೆಲವು ನೂರು ಕಿಲೋಮೀಟರ್ ಅಗಲಕ್ಕೆ ಒಂದು ನಾಲೆಯ ಹಾಗೆ ಹರಿಯುತ್ತೆ. ಸಮಭಾಜಕ ವೃತ್ತದ ಆಸುಪಾಸು ಬಿಸಿ, ಉತ್ತರ ತಣ್ಣಗೆ. ಬಿಸಿ ಗಾಳಿ ಮೇಲೇರಿ ಉತ್ತರಕ್ಕೆ ಹೊರಟರೆ ಭೂಮಿ ತಿರುಗುತ್ತಿರುವುದರಿಂದ ಅದು ಪೂರ್ವಕ್ಕೆ ತಿರುಗಿಕೊಳ್ಳುತ್ತೆ. ಚಳಿಗಾಲದಲ್ಲಿ ಉತ್ತರಕ್ಕೂ ದಕ್ಷಿಣಕ್ಕೂ ಬಿಸಿಯ ವ್ಯತ್ಯಾಸ ಜಾಸ್ತಿ, ಹಾಗಾಗಿ ಗಾಳಿಯೂ ಜೋರು. ಇಡೀ ಪ್ರಪಂಚದಲ್ಲಿ ಇದು ತುಂಬಾ ಜೋರಾಗಿರುವ ಜಾಗಗಳಲ್ಲಿ ಜಪಾನಿನ ಆಕಾಶ ಒಂದು. ಚಳಿಗಾಲದಲ್ಲಿ ಅಲ್ಲಿ ಗಂಟೆಗೆ 300 ಕಿಲೋಮೀಟರ್ ದಾಟುವುದೂ ಇದೆ.

ಇದನ್ನು ಮೊದಲು ಸರಿಯಾಗಿ ಅಳೆದವರ ಕಥೆ ಓದಿದಾಗ ನನಗೆ ಒಂಥರಾ ಸಂಕಟ ಆಯಿತು. ಅವರು ಜಪಾನಿನವರೇ, ವಾಸಾಬುರೋ ಓಯಿಶಿ. ಟೋಕಿಯೊದ ಈಶಾನ್ಯಕ್ಕೆ ತಾತೆನೋ ಅನ್ನುವ ಕಡೆ ಒಂದು ಹವಾಮಾನ ಕೇಂದ್ರ ಇತ್ತು, ಅದರ ಮುಖ್ಯಸ್ಥರು. 1920ರ ದಶಕದಲ್ಲಿ ಬಲೂನು ಹಾರಿಬಿಟ್ಟು, ಕೆಳಗಿನಿಂದ ದುರ್ಬೀನಿನಲ್ಲಿ ಅದು ಎತ್ತ ಹೋಗುತ್ತೆ ಅಂತ ನೋಡಿ, ಕೋನ ಬರೆದುಕೊಂಡು, ಎಷ್ಟು ಎತ್ತರದಲ್ಲಿ ಎಷ್ಟು ಗಾಳಿ ಅಂತ ಲೆಕ್ಕ ಹಾಕುತ್ತಿದ್ದರು. ಒಂದೆರಡಲ್ಲ, ಸಾವಿರಕ್ಕೂ ಹೆಚ್ಚು ಬಲೂನು, ವರ್ಷಗಟ್ಟಲೆ. ಚಳಿಗಾಲದಲ್ಲಿ ಮೇಲೆ ಭಯಂಕರ ಗಾಳಿ ಇದೆ ಅಂತ ಅವರಿಗೆ ಖಚಿತ ಆಯಿತು. ಜಗತ್ತಿಗೆಲ್ಲಾ ತಿಳಿಯಲಿ ಅಂತ 1926ರಲ್ಲಿ ಅದನ್ನು ಎಸ್ಪೆರಾಂಟೊ ಭಾಷೆಯಲ್ಲಿ ಪ್ರಕಟಿಸಿದರು. ಎಲ್ಲ ದೇಶದವರಿಗೂ ಒಂದು ಸಾಮಾನ್ಯ ಭಾಷೆ ಇರಲಿ ಅಂತ ಕಟ್ಟಿದ ಭಾಷೆ ಅದು. ಓದುವವರು ಕಡಿಮೆ. ಹೊರಗಿನವರು ಹೆಚ್ಚುಕಡಿಮೆ ಯಾರೂ ಗಮನಿಸಲಿಲ್ಲ. 1944ರ ಕೊನೆಯಲ್ಲಿ ಅಮೆರಿಕದ ಬಿ-29 ವಿಮಾನಗಳು ಬಾಂಬು ಹೊತ್ತು ಜಪಾನಿನ ಮೇಲೆ ಅಷ್ಟು ಎತ್ತರದಲ್ಲಿ ಹಾರಿದಾಗ ಈ ಗಾಳಿಗೆ ಸಿಕ್ಕಿ ದಿಕ್ಕೆಟ್ಟವು. ಹದಿನೆಂಟು ವರ್ಷ ಮೊದಲೇ ಒಬ್ಬರು ಅಳೆದು ಬರೆದಿಟ್ಟಿದ್ದ ಗಾಳಿ ಅದು. ಜಪಾನಿನವರು ಅದೇ ಗಾಳಿಯಲ್ಲಿ ಬಾಂಬು ಕಟ್ಟಿದ ಬಲೂನುಗಳನ್ನು ಅಮೆರಿಕದ ಕಡೆಗೆ ತೇಲಿಬಿಟ್ಟರು. ಅಷ್ಟು ಶ್ರದ್ಧೆಯಿಂದ ಬಲೂನಿನ ಹಿಂದೆ ಕಣ್ಣು ನೆಟ್ಟು ನಿಂತ ಮನುಷ್ಯ ಕಂಡುಹಿಡಿದಿದ್ದು ಎಲ್ಲಿಂದೆಲ್ಲಿಗೆ ಬಂತು ನೋಡಿ. ಇವತ್ತು ಅದೇ ಗಾಳಿ ನಮ್ಮನ್ನು ಮಕ್ಕಳ ಹತ್ತಿರ ಬೇಗ ಮುಟ್ಟಿಸುತ್ತೆ, ಅದಾದರೂ ಇರಲಿ.

ಇಲ್ಲೊಂದು ಲೆಕ್ಕ ಇದೆ, ಲೆಕ್ಕ ಇಷ್ಟಪಡದವರು ಮುಂದಕ್ಕೆ ಹೋಗಿ. ಹೋಗುವಾಗ ಗಾಳಿ ಕೊಟ್ಟಿದ್ದನ್ನು ಬರುವಾಗ ವಾಪಸ್ ತಗೊಳ್ಳುತ್ತೆ, ಒಟ್ಟಿಗೆ ಸರಿಹೋಯಿತಲ್ಲ ಅಂತ ಮಗನ ಹತ್ತಿರ ಹೇಳಿದೆ. ಅವನು ಸರಿಹೋಗಲ್ಲ ಅಮ್ಮ, ಕಾಗದದಲ್ಲಿ ಮಾಡಿ ನೋಡಿ ಅಂದ. ಮಾಡಿದೆ. ವಿಮಾನದ ವೇಗ 900, ಗಾಳಿ 100, ದೂರ 6,700. ಗಾಳಿ ಇಲ್ಲದಿದ್ದರೆ ಹೋಗೋಕೆ 7 ಗಂಟೆ 27 ನಿಮಿಷ. ಗಾಳಿ ಹಿಂದಿನಿಂದ ತಳ್ಳಿದರೆ 6 ಗಂಟೆ 42 ನಿಮಿಷ, ಅಂದರೆ 45 ನಿಮಿಷ ಲಾಭ. ಎದುರಿಗೆ ಬಂದರೆ 8 ಗಂಟೆ 22 ನಿಮಿಷ, 55 ನಿಮಿಷ ನಷ್ಟ. ಯಾಕೆಂದರೆ ಎದುರುಗಾಳಿಯಲ್ಲಿ ನಿಧಾನ ಹೋಗುವುದರಿಂದ ಆ ಗಾಳಿಯಲ್ಲಿ ಹೆಚ್ಚು ಹೊತ್ತು ಇರಬೇಕಾಗುತ್ತೆ. ಗಾಳಿ ಜೋರಾದಷ್ಟೂ ಈ ವ್ಯತ್ಯಾಸ ದೊಡ್ಡದಾಗುತ್ತೆ. ಕೊಟ್ಟಿದ್ದಕ್ಕಿಂತ ಕಿತ್ತುಕೊಳ್ಳೋದೇ ಜಾಸ್ತಿ. ಅದಕ್ಕೇ ಬರುವಾಗ ಪೈಲಟ್‌ಗಳು ಗಾಳಿಯ ನಡುಮಧ್ಯ ಬಿಟ್ಟು ಬೇರೆ ದಾರಿ ಹಿಡಿಯೋದೂ ಉಂಟು, ಆಗ ಕಿಲೋಮೀಟರ್ ಜಾಸ್ತಿ ಆದರೂ ಸಮಯ ಉಳಿಯುತ್ತೆ.

ಮಳೆಗಾಲದಲ್ಲಿ ಕಥೆ ಬೇರೆ. ಆಗ ಆ ಗಾಳಿ ಉತ್ತರಕ್ಕೆ ಸರಿದು ಸಪ್ಪೆಯಾಗುತ್ತೆ, ನಮ್ಮ ದಕ್ಷಿಣ ಭಾರತದ ತಲೆ ಮೇಲೆ ತುಂಬಾ ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಬೇರೆಯದೇ ಗಾಳಿ ಬೀಸುತ್ತೆ. ಆ ತಿಂಗಳುಗಳಲ್ಲಿ ಹೋಗೋದು ಬರೋದರ ನಡುವಿನ ಅಂತರ ಕಡಿಮೆ.

ಇಷ್ಟೆಲ್ಲಾ ಆಯಿತು, ಆದರೆ ಎಂಟು ಗಂಟೆ ಅಂದರೆ ಮೈಸೂರಿನವರಿಗೆ ಎಂಟು ಗಂಟೆ ಅಲ್ಲ. ಇದನ್ನು ಬೆಂಗಳೂರಿನವರು ಹೇಳಲ್ಲ. ನಮ್ಮ ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ಟೋಕಿಯೊಗೆ ವಿಮಾನ ಇಲ್ಲ, ದೇವನಹಳ್ಳಿಗೇ ಹೋಗಬೇಕು. ಮೈಸೂರಿಂದ ಅಲ್ಲಿಗೆ 180 ಕಿಲೋಮೀಟರ್ ಮೇಲೆ. 2023ರಲ್ಲಿ ಹೊಸ ಹೆದ್ದಾರಿ ಆದ ಮೇಲೆ ಬೆಂಗಳೂರಿನ ಬಾಗಿಲಿಗೆ ಬೇಗ ತಲುಪುತ್ತೇವೆ, ಊರೊಳಗೆ ನುಗ್ಗಿ ಆಚೆ ಹೋಗೋದೇ ಕಷ್ಟ. ಕೆಎಸ್‌ಆರ್‌ಟಿಸಿ ಫ್ಲೈಬಸ್ ಹತ್ತಿದರೆ ನಾವು ನಾಲ್ಕೂವರೆ ಗಂಟೆ ಇಟ್ಟುಕೊಳ್ಳುತ್ತೇವೆ. ಮೂರು ಗಂಟೆ ಮೊದಲು ಅಲ್ಲಿರಬೇಕು. ಎಂಟು ಗಂಟೆ ಹಾರಾಟ. ಇಳಿದ ಮೇಲೆ ಪಾಸ್‌ಪೋರ್ಟ್ ಸಾಲು, ಪೆಟ್ಟಿಗೆ, ಒಂದು ಗಂಟೆ ಬೇಕೇ ಬೇಕು. ನರಿಟಾ ವಿಮಾನ ನಿಲ್ದಾಣ ಇರುವುದು ಟೋಕಿಯೊದಲ್ಲಿ ಅಲ್ಲ, ಪಕ್ಕದ ಚಿಬಾ ಜಿಲ್ಲೆಯಲ್ಲಿ, ಊರ ಮಧ್ಯದಿಂದ 60 ಕಿಲೋಮೀಟರ್ ಆಚೆ. ಅವ್ವನ ಲೆಕ್ಕದಲ್ಲಿ ಇನ್ನೊಂದು ಮದ್ದೂರು-ಮೈಸೂರು. ರೈಲಿನಲ್ಲಿ ಒಂದು ಗಂಟೆ, ಅಲ್ಲಿಂದ ಮಗನ ಮನೆಗೆ ಇನ್ನೊಂದು ರೈಲು. ಒಟ್ಟು ಹದಿನೆಂಟು ಗಂಟೆ. ಅದರಲ್ಲಿ ಆಕಾಶದಲ್ಲಿ ಇರೋದು ಅರ್ಧಕ್ಕಿಂತ ಕಡಿಮೆ. ನನ್ನ ಕೇಳಿದರೆ, ಯಾರಾದರೂ ಮೈಸೂರಿಂದ ವಿದೇಶಕ್ಕೆ ಹೊರಟರೆ ವಿಮಾನದ ಬಗ್ಗೆ ಚಿಂತೆ ಮಾಡೋದು ಬಿಟ್ಟು ಬಸ್ಸಿನ ಬಗ್ಗೆ ಯೋಚನೆ ಮಾಡಲಿ. ಮೊದಲ ಸಲ ನಾವು ಬಾಡಿಗೆ ಕಾರು ಮಾಡಿಕೊಂಡು ಹೊರಟು, ಬೆಂಗಳೂರೊಳಗೆ ಒಂದು ಫ್ಲೈಓವರ್ ಕೆಳಗೆ ಒಂದೂವರೆ ಗಂಟೆ ನಿಂತು, ಕೌಂಟರ್ ಮುಚ್ಚೋಕೆ ಹತ್ತು ನಿಮಿಷ ಇದೆ ಅನ್ನುವಾಗ ಓಡಿಕೊಂಡು ತಲುಪಿದೆವು. ಆ ಓಟ ನೆನೆಸಿಕೊಂಡರೆ ಈಗಲೂ ಎದೆ ಹೊಡೆದುಕೊಳ್ಳುತ್ತೆ.

ಸರ್ ಎಂ. ವಿಶ್ವೇಶ್ವರಯ್ಯ 1898ರಲ್ಲಿ ಜಪಾನಿಗೆ ಹೋಗಿದ್ದರು. ಕನ್ನಂಬಾಡಿ ಕಟ್ಟುವ ಎಷ್ಟೋ ಮೊದಲು, ಇನ್ನೂ ಮುಂಬೈ ಕಡೆ ಕೆಲಸದಲ್ಲಿದ್ದಾಗ. ಆಗ ಹಡಗು ಬಿಟ್ಟರೆ ಬೇರೆ ದಾರಿ ಎಲ್ಲಿತ್ತು? ಅಷ್ಟು ದೂರ ಸಮುದ್ರದ ಮೇಲೆ ಹೋಗಿ, ಮೂರು ತಿಂಗಳು ಇದ್ದು, ಅಲ್ಲಿನ ಕೈಗಾರಿಕೆ, ಶಾಲೆ ಎಲ್ಲಾ ನೋಡಿಕೊಂಡು ಬಂದರು. ಅವ್ವನಿಗೆ ಇದನ್ನು ಹೇಳಿದಾಗ ಅವಳಿಗೆ ಜಪಾನ್ ಬಗ್ಗೆ ಇದ್ದ ಭಯ ಅರ್ಧ ಹೋಯಿತು. ಅವರು ಹೋಗಿ ಬಂದ ಜಾಗ ಅಂದ ಮೇಲೆ ಸರಿ.

ಜಪಾನ್ ಅನ್ನುವ ಮಾತು ಅವ್ವನಿಗೆ ಹೊಸದೇನೂ ಅಲ್ಲ. ನಮ್ಮದು ರೇಷ್ಮೆ ಮನೆ. ಚಿಕ್ಕಂದಿನಿಂದ ನಾನು ನೋಡಿದ್ದು ಹಳದಿ ಗೂಡು. ಆಮೇಲೆ ಬಿಳಿ ಗೂಡು ಬಂತು, ಬೈವೋಲ್ಟೀನ್ ಅನ್ನುವ ಜಾತಿಯ ಹುಳದ್ದು. 90ರ ದಶಕದಲ್ಲಿ ಜಪಾನಿನ ತಜ್ಞರು ಇಲ್ಲೇ ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯವರ ಜೊತೆ ಕೆಲಸ ಮಾಡಿದರು, ನಮ್ಮ ಬಿಸಿಲಿಗೆ ಹೊಂದುವ ಬಿಳಿ ಗೂಡಿನ ತಳಿ ಬಂತು. ನಮ್ಮಪ್ಪ ಮೊದಲ ಸಲ ಬಿಳಿ ಗೂಡು ಮಾಡಿದಾಗ ಅವ್ವ ಚಂದ್ರಂಕಿಯಿಂದ, ಅಂದರೆ ಹುಳ ಗೂಡು ಕಟ್ಟುವ ಬಿದಿರಿನ ತಟ್ಟೆಯಿಂದ, ಒಂದು ಗೂಡು ಬಿಡಿಸಿ ಕಿವಿ ಹತ್ತಿರ ಅಲ್ಲಾಡಿಸಿ ನೋಡಿದ್ದು ನನಗೆ ನೆನಪಿದೆ. ಒಳಗೆ ಹುಳ ಗಟ್ಟಿಯಾಗಿ ಕಟಕಟ ಅಂತಿತ್ತು. ಅದಕ್ಕೇ ಅವಳ ಟ್ರಂಕಿನಲ್ಲಿ ಆ ಬಿಳಿ ನೂಲು.

ಮೊನ್ನೆ ಗ್ಲೋಬ್ ಮುಂದೆ ಕೂತು ನೂಲಿನ ಮೇಲೆ ಬೆರಳಾಡಿಸುತ್ತಾ ಅವ್ವ ಕೇಳಿದಳು. "ಒಂದು ಗೂಡ್ನಲ್ಲಿ ಎಷ್ಟುದ್ದ ಎಳೆ ಇರ್ತದೆ ಅಂತ ನಿಮ್ಮಪ್ಪ ಯೋಳ್ತಿದ್ರಲ್ಲ?" ಒಳ್ಳೇ ಬಿಳಿ ಗೂಡಿನ ಎಳೆ ಬಿಚ್ಚಿದರೆ ಒಂದು ಕಿಲೋಮೀಟರ್ ಉದ್ದ ಬರುತ್ತೆ, ಸ್ವಲ್ಪ ಜಾಸ್ತಿಯೇ. ಅಂದರೆ ಟೋಕಿಯೊವರೆಗೆ ಎಳೆಯೋಕೆ 6,700 ಗೂಡು. ಕೆಜಿಗೆ ಆರುನೂರು ಗೂಡು ಹಿಡಿದರೆ ಹನ್ನೊಂದು ಕೆಜಿ. ನಾನು ಲೆಕ್ಕ ಹೇಳಿ ಮುಗಿಸುವ ಮೊದಲೇ ಅವ್ವನ ಮುಖ ಅರಳಿತು. "ಅನ್ನೊಂದೇ ಕೇಜಿನಾ? ನಾವು ನೂರು ಮೊಟ್ಟೆ ಸಾಕುದ್ರೆ ಅರವತ್ತು ಅರವತ್ತೈದು ಕೇಜಿ ಬತ್ತಿತ್ತು!" ರೇಷ್ಮೆಯವರ ಮಾತಿನಲ್ಲಿ ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ನೂರಾರು ಮೊಟ್ಟೆಗಳ ಗುಂಪು. ಒಂದು ಬೆಳೆಯ ಗೂಡಿನಲ್ಲಿ ಟೋಕಿಯೊಗೆ ಐದಾರು ಸಲ ಎಳೆ ಎಳೆಯಬಹುದಿತ್ತು. ಅವ್ವ ಅಂಥ ಬೆಳೆ ವರ್ಷಕ್ಕೆ ನಾಲ್ಕೈದು ತೆಗೆದವಳು, ಎಷ್ಟೋ ವರ್ಷ. ರಾತ್ರಿ ಎದ್ದು ಹುಳಕ್ಕೆ ಸೊಪ್ಪು ಹಾಕಿದವಳು.

ನೂರಾ ಮೂರು ಸಲ ಮದ್ದೂರು-ಮೈಸೂರು ಅಂದಾಗ ಅವಳಿಗೆ ಸುಸ್ತಾಗಿತ್ತು. ಹನ್ನೊಂದು ಕೆಜಿ ಗೂಡು ಅಂದಾಗ ಅದು ಅವಳು ಮಂಕರಿಯಲ್ಲಿ ಹೊತ್ತ ಭಾರಕ್ಕಿಂತ ಕಡಿಮೆ. ಈಗ ಪಕ್ಕದ ಮನೆಯವರು ಮೊಮ್ಮಗ ಎಷ್ಟು ದೂರದಲ್ಲಿದ್ದಾನೆ ಅಂತ ಕೇಳಿದರೆ ಅವ್ವ ಕಿಲೋಮೀಟರ್ ಹೇಳಲ್ಲ.

ಮಗ ಸಂಕ್ರಾಂತಿಗೆ ಬರುತ್ತಿದ್ದಾನೆ. ಜನವರಿ, ಎದುರುಗಾಳಿ ತುಂಬಾ ಜೋರಿರುವ ಕಾಲ, ಹತ್ತು ಗಂಟೆಯೇ ಆಗುತ್ತೆ, ಸ್ವಲ್ಪ ಮೇಲೂ ಆಗಬಹುದು ಅಂತ ಅವ್ವನಿಗೆ ಈಗಲೇ ಹೇಳಿಟ್ಟಿದ್ದೇನೆ. ಅಲ್ಲಿ ಸಂಜೆ ಹತ್ತಿದರೆ ಇಲ್ಲಿ ನಡುರಾತ್ರಿ ದಾಟಿ ಇಳಿಯುತ್ತಾನೆ. ಆಮೇಲೆ ಬಸ್ಸು. ಮೈಸೂರಿಗೆ ಬರುವ ಹೊತ್ತಿಗೆ ಬೆಳಗ್ಗೆ ತಿಂಡಿ ಸಮಯ. ಅವ್ವ ಅವರೆಕಾಯಿ ತಂದು ಇಡು, ಹಿಂದಿನ ರಾತ್ರಿಯೇ ಹಿದುಕಿ ಇಡ್ತೀನಿ ಅಂದಿದ್ದಾಳೆ. ಹೇಗೂ ಅವನು ಇಳಿದು ಫೋನ್ ಮಾಡೋವರೆಗೆ ಅವಳಿಗೆ ನಿದ್ದೆ ಬರಲ್ಲ. ಗ್ಲೋಬ್ ಈಗ ಟಿವಿ ಪಕ್ಕದಲ್ಲಿದೆ. ನೂಲು ಮತ್ತೆ ಎಳೆದು ಕಟ್ಟಿದ್ದೇವೆ, ಎರಡು ಕೆಂಪು ಸ್ಟಿಕ್ಕರ್ ಹಾಗೇ ಇದೆ.